ಕಂಬಳಿ ಕಾಣದ ಜಾಹೀರಾತು

ಒಂದಾನೊಂದು ಊರಿನಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಮಗನಿದ್ದನಂತೆ. ಅವನ ಹತ್ತಿರ ಕುದುರೆ ಇರಲಿಲ್ಲ, ಹಳೆಯ ಬೈಕಿತ್ತು. ಕತ್ತಿ ಇರಲಿಲ್ಲ, ಗಾಜು ಬಿರುಕು ಬಿಟ್ಟ ಫೋನಿತ್ತು. ಆ ಫೋನಿನಿಂದ ಯಾರ ಸರಕನ್ನು ಬೇಕಾದರೂ ಲೋಕಕ್ಕೆಲ್ಲ ಮಾರಿಕೊಡುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ. ಅದೇ ಕಾಲಕ್ಕೆ ಬಯಲಿನಾಚೆ, ಕುರಿಗಳ ಊರಿನಲ್ಲಿ, ಒಬ್ಬ ಹುಡುಗಿ ಕಂಬಳಿ ಮಾರಲು ಹೊರಟಿದ್ದಳಂತೆ.

ಹ್ಞೂಂ ಅನ್ನಿ.

ನಮ್ಮ ಅಜ್ಜಿ ಉಚ್ಚಂಗೆಮ್ಮನ ಕಥೆಗಳಿಗೆ ಇದೊಂದೇ ಶುಲ್ಕ. ಕೇಳುವವರು ಆಗಾಗ ಹ್ಞೂಂ ಅನ್ನಬೇಕು. ಅನ್ನದಿದ್ದರೆ ಅಜ್ಜಿ ಅಲ್ಲಿಗೇ ನಿಲ್ಲಿಸಿಬಿಡುತ್ತಾಳೆ, ಪಾಪ ರಾಜಕುಮಾರಿ ಹೆಬ್ಬಾವಿನ ಮುಂದೆ ಹಾಗೇ ನಿಂತಿರಬೇಕಾಗುತ್ತದೆ. ಅಪ್ಪ ಕುರಿ ಹಿಂದೆ, ಅವ್ವ ಹೊಲದಲ್ಲಿ. ನಾನು ಬೆಳೆದದ್ದು ಈ ಕಥೆಗಳಲ್ಲೇ. ನಿದ್ದೆ ಬಂದು ಹ್ಞೂಂ ಮರೆತು ಎಷ್ಟು ರಾಜಕುಮಾರಿಯರನ್ನು ಹಾಗೆ ನಡುದಾರಿಯಲ್ಲಿ ನಿಲ್ಲಿಸಿದ್ದೇನೋ!

ಕುರಿಗಳ ಊರೆಂದರೆ ಜಗಳೂರು ತಾಲ್ಲೂಕಿನ ನಮ್ಮ ಬಿಳಿಚೋಡು. ಹುಡುಗಿ ಕಾವ್ಯಶ್ರೀ, ಅಂದರೆ ನಾನು. ವ್ಯಾಪಾರಿಯ ಮಗ ಚನ್ನಗಿರಿಯ ಸಿದ್ದಲಿಂಗೇಶ್.

ನನ್ನ ಸ್ಟಾರ್ಟಪ್‌ನ ಹೆಸರು ‘ಕಂಬಳಿಗೂಡು’. ಕಂಪನಿ ಎಂದರೆ ನಮ್ಮ ಪಡಸಾಲೆ, ಒಂದು ಲ್ಯಾಪ್‌ಟಾಪ್, ಊರಿನಲ್ಲಿ ಇನ್ನೂ ಕುಣಿಮಗ್ಗಕ್ಕೆ ಇಳಿದು ಕಂಬಳಿ ನೇಯುವ ಕೆಲವು ಮನೆಗಳು. ಅಲ್ಲಿಯವರೆಗೆ ಅವರೆಲ್ಲ ತಮ್ಮ ಕಂಬಳಿಗಳನ್ನು ಸಂತೆಯ ದಲ್ಲಾಳಿಗೆ ಅವನು ಹೇಳಿದ ರೇಟಿಗೆ ಕೊಡುತ್ತಿದ್ದರು. ಅಜ್ಜಿ ಒಂದು ಮಾತು ಹೇಳಿದಳೆಂದು ನನಗೆ ಕೊಡಲು ಒಪ್ಪಿದರು. ಅಜ್ಜಿಯ ಆ ಮಾತೇ ನನ್ನ ಬಂಡವಾಳ.

ಸಿದ್ದಲಿಂಗೇಶನ ಪರಿಚಯವಾದದ್ದು ಇನ್‌ಸ್ಟಾಗ್ರಾಮಿನಲ್ಲಿ. ‘ಹೊಸ ಬಿಸಿನೆಸ್ಸಾ? ನಾವಿದ್ದೀವಿ’ ಎಂಬ ಅವನ ಪೋಸ್ಟ್ ನೋಡಿ ಫೋನ್ ಮಾಡಿದೆ. ಗಟ್ಟಿ ಗಂಟಲು. ಯಾರೋ ನಡುವಯಸ್ಸಿನ, ಸಫಾರಿ ಹಾಕುವ ಮನುಷ್ಯ ಎಂದುಕೊಂಡೆ. ಎರಡು ಕಂಬಳಿಗಳನ್ನು ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದೆ. ಒಂದು ವಾರದೊಳಗೆ ಅವನು ಜಾಹೀರಾತು ಬಿಟ್ಟ.

ಅದನ್ನು ಮೊದಲು ನೋಡಿದ್ದು ನಾನಲ್ಲ, ನೇಕಾರ ದುರುಗಣ್ಣ.

“ಉಚ್ಚಂಗಕ್ಕಾ, ನೋಡ್ ಬಾರಕ್ಕ ಇಲ್ಲಿ!” ಅವನು ಫೋನನ್ನು ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಮ್ಮ ಅಂಗಳಕ್ಕೆ ಬಂದಿದ್ದ. “ನಿನ್ನ ಮೊಮ್ಮಗಳು ನಮ್ಮ ಕಂಬಳೀನ ಕಾಲೊರ್ಸೋ ಮ್ಯಾಟ್ ಮಾಡ್ಯಾಳೆ!”

ಫೋಟೋದಲ್ಲಿ ಯಾವುದೋ ದೊಡ್ಡ ಮನೆಯ ಹಾಲ್. ನೆಲದ ಮೇಲೆ ನಮ್ಮ ಕರಿಕಂಬಳಿ. ಅದರ ಮೇಲೆ ಬೂಟು ಹಾಕಿದ ಎರಡು ಕಾಲು, ಪಕ್ಕದಲ್ಲಿ ಮಲಗಿದ ಚಪ್ಪಟೆ ಮೂಗಿನ ನಾಯಿ. ಸಾಲದ್ದಕ್ಕೆ, ಜಾಹೀರಾತು ಯಾರಿಗೆ ಕಾಣಬೇಕು ಎಂದು ಆರಿಸುವಾಗ ಅವನು ಇಡೀ ದಾವಣಗೆರೆ ಜಿಲ್ಲೆಯನ್ನೇ ಆರಿಸಿಬಿಟ್ಟಿದ್ದ. ಕೊಳ್ಳುವವರು ನೋಡುವ ಮೊದಲೇ ಬಿಳಿಚೋಡಿನ ಪ್ರತಿ ಫೋನಿಗೂ ಅದು ಬಂದು ಬಿದ್ದಿತ್ತು.

ನಮ್ಮಲ್ಲಿ ಕಂಬಳಿ ಬರೀ ಹೊದೆಯುವ ಬಟ್ಟೆಯಲ್ಲ. ದೇವರ ಕಾರ್ಯವಾಗಲಿ, ಮದುವೆಯಾಗಲಿ, ಮೊದಲು ಕಂಬಳಿ ಹಾಸಿ ಗದ್ದಿಗೆ ಮಾಡುತ್ತಾರೆ. ಅದರ ಮೇಲೆ ಕಳಸ ಕೂರುತ್ತದೆ, ಮದುಮಕ್ಕಳು ಕೂರುತ್ತಾರೆ. ಚಪ್ಪಲಿ ಕಾಲು ಸೋಕಿದರೂ ಕಣ್ಣಿಗೊತ್ತಿಕೊಳ್ಳುವ ಜನ ನಾವು.

ಅಜ್ಜಿ ಫೋನನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಇದನ್ನ ಮಾಡ್ದೋನು ಯಾರು? ಕರೆಸು.”

*

ಮರುದಿನ ಮಧ್ಯಾಹ್ನಕ್ಕೇ ಬೈಕು ಬಂತು. ಇಳಿದವನು ಸಫಾರಿಯವನಲ್ಲ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ಗಾಳಿಗೆ ಕೆದರಿದ ಕೂದಲು, ಹಣೆಯ ಮೇಲೆ ಅಳಿಸಿ ಉಳಿದ ವಿಭೂತಿ, ತಪ್ಪು ಮಾಡಿ ಶಾಲೆಗೆ ಬಂದ ಹುಡುಗನ ಕಣ್ಣು. ಅವನು ಶೂಗಳನ್ನು ಬಾಗಿಲಲ್ಲಿ ಅಲ್ಲ, ಬೀದಿಯ ಆಚೆ ಬೇವಿನ ಮರದ ಕೆಳಗೆ ಬಿಟ್ಟು ಬರಿಗಾಲಲ್ಲಿ ಬಿಸಿ ಮಣ್ಣಿನ ಮೇಲೆ ಕುಪ್ಪಳಿಸುತ್ತ ಬಂದ.

ನನಗೆ ಸಿಟ್ಟಿರಬೇಕಿತ್ತು. ಇತ್ತು ಕೂಡ. ಆದರೆ ಆ ಕುಪ್ಪಳಿಸುವಿಕೆಗೆ ಅದರ ತೂಕ ಸ್ವಲ್ಪ ಇಳಿದುಬಿಟ್ಟಿತು.

“ಚಪ್ಪಲಿ ಬಿಡಾಕೆ ಬರ್ತೈತಲ್ಲಪ್ಪ ನಿಂಗೆ,” ಅಂದಳು ಅಜ್ಜಿ. “ಫೋಟೋದಾಗೆ ಯಾಕೆ ಬಿಡಲಿಲ್ಲ?”

“ತಪ್ಪಾತಜ್ಜಿ. ಜಾಹೀರಾತು ರಾತ್ರಿನೇ ತೆಗ್ದಾಕಿದೀನಿ. ನಮ್ಮವ್ವನೂ ಇದನ್ನೇ ಕೇಳಿದ್ರು.”

“ನಿಮ್ಮವ್ವಂಗೆ ಕಂಬಳಿ ಗೊತ್ತೇನು?”

“ನಮ್ಮನೆಯಾಗೂ ಐತಜ್ಜಿ. ಲಗ್ನಕ್ಕೆ, ಪೂಜೆಗೆ ಗದ್ದಿಗೆ ಹಾಕಾಕೆ ಅಂತ ಟ್ರಂಕಿನಾಗೆ ಇಟ್ಟಾರೆ. ಆದ್ರೆ...” ಅವನು ನನ್ನ ಕಡೆ ನೋಡಿದ. ಮೊದಲ ಸಲ ನೋಡಿದ್ದು. “ಪಾರ್ಸೆಲ್‌ನಾಗೆ ಬಂತಲ್ಲ, ಬಿಲ್ಲು, ರೇಟು, ಪ್ರಾಡಕ್ಟು ಅಂತ. ಅದೂ ಇದೂ ಒಂದೇ ಕಂಬಳಿ ಅಂತ ನಂಗೆ ಹೊಳೀಲೇ ಇಲ್ಲ.”

ಅಜ್ಜಿಗೆ ಆ ಉತ್ತರ ಹಿಡಿಸಿತೆಂದು ನನಗೆ ಗೊತ್ತಾಯಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಕಥೆ ಶುರು ಮಾಡುವಾಗ ಮಾಡುವ ಹಾಗೆ. ಆದರೆ ಹೇಳಿದ್ದು ಕಥೆಯಲ್ಲ, ಶರತ್ತು.

“ಹಾಸಬೇಕಾದಂಗೆ ಹಾಸಿ, ಕೂರಬೇಕಾದೋರು ಕೂತು, ಗದ್ದಿಗೇದು ಒಂದು ಫೋಟೋ ತೆಗೆದುಕೊಡು. ನಂಗೆ ಒಪ್ಪಿಗೆ ಆಗಬೇಕು. ಅಲ್ಲೀವರೆಗೂ ನಮ್ಮೂರ ಕಂಬಳಿ ನಿನ್ನ ಫೋನಿನಾಗೆ ಕಾಣಂಗಿಲ್ಲ. ಕೇಳ್ಕೊಂಡು ಬಂದೋರಿಗೆ ಕೊಡ್ತೀವಿ. ತೋರ್ಸಿ ಕರೆಯಾಕಿಲ್ಲ.”

“ದೀಪಾವಳಿ ತಂಕ ನೋಡ್ತೀವಕ್ಕ,” ಎಂದ ಬಾಗಿಲಲ್ಲಿ ನಿಂತಿದ್ದ ದುರುಗಣ್ಣ. “ಆಮೇಲೆ ಮತ್ತೆ ದಲ್ಲಾಳಿಗೇ.”

“ಮಾಡಿಕೊಡ್ತೀನಜ್ಜಿ,” ಎಂದ ಸಿದ್ದಲಿಂಗೇಶ್. “ಮಾತು ಕೊಟ್ಟೆ.”

*

ಆಷಾಢ ಬಂದಿತ್ತು. ಮದುವೆಗಳಿಲ್ಲ, ಗದ್ದಿಗೆಗಳಿಲ್ಲ. ನಮ್ಮ ಜಗಲಿಯ ಮೇಲೆ ನಾವಿಬ್ಬರೂ ಲ್ಯಾಪ್‌ಟಾಪ್ ನಡುವೆ ಇಟ್ಟುಕೊಂಡು ಕೂತಿದ್ದೆವು.

“ಕಂಬಳಿ ತೋರಿಸದೆ ಕಂಬಳಿ ಮಾರೋದು ಹೆಂಗ್ರೀ ಕಾವ್ಯಾ?”

“ಎಕ್ಸ್‌ಪರ್ಟ್ ನೀವು. ನನ್ನ ಕೇಳ್ತೀರಲ್ಲ.”

“ಎಕ್ಸ್‌ಪರ್ಟ್ ಅಂದ್ರೆ ಬೂಟು ಹಾಕ್ಕೊಂಡು ಕಂಬಳಿ ಮೇಲೆ ನಿಲ್ಲೋನು ಅಂತ ನಿಮ್ಮೂರಾಗೆ ಅರ್ಥ ಆಗೈತೆ.” ಅವನು ನಕ್ಕ. ನಗುವಾಗ ಒಂದು ಹುಬ್ಬು ಮಾತ್ರ ಮೇಲೇಳುತ್ತಿತ್ತು. ನಾನು ಅದನ್ನು ನೋಡಲಿಲ್ಲ ಎಂಬಂತೆ ಕೀಬೋರ್ಡಿನ ಧೂಳು ಒರೆಸಿದೆ. “ನಿಜ ಹೇಳ್ಲಾ? ನಾನು ಮಾಡಿದ್ದ ದೊಡ್ಡ ತಪ್ಪು ಫೋಟೋ ಅಲ್ಲ. ಯಾರಿಗೆ ಮಾರ್ತಿದೀವಿ ಅಂತ ಕೇಳ್ಕೊಳ್ಳಲೇ ಇಲ್ಲ. ಹೊಸ ಬಿಸಿನೆಸ್ ಶುರು ಮಾಡೋರೆಲ್ಲ ಮೊದಲು ಊರಿಗೆಲ್ಲ ಡಂಗುರ ಹೊಡಿಯಾಕೆ ದುಡ್ಡು ಸುರೀತಾರೆ. ಬೇಕಾದೋರು ಹತ್ತು ಜನ ಎಲ್ಲೋ ಮೂಲೆಯಾಗೆ ಕೂತು ಹುಡುಕ್ತಾ ಇರ್ತಾರೆ. ಅವರ ಕಿವಿಗೆ ಬೀಳೋದೇ ಇಲ್ಲ.”

ಒಳಗೆ ಅಜ್ಜಿ ಪಕ್ಕದ ಮನೆಯ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ಹ್ಞೂಂ, ಹ್ಞೂಂ ಎಂದು ಮಕ್ಕಳ ರಾಗ. ಒಮ್ಮೆ ಹ್ಞೂಂ ತಪ್ಪಿತು. ಅಜ್ಜಿ ಕಥೆ ನಿಲ್ಲಿಸಿದಳು. ತಕ್ಷಣ ಎಲ್ಲರೂ ಒಟ್ಟಿಗೆ “ಹ್ಞೂಂ ಅಜ್ಜಿ, ಹ್ಞೂಂ!” ಎಂದು ಕೂಗಿದರು.

ಸಿದ್ದಲಿಂಗೇಶ್ ಕಿವಿ ನಿಮಿರಿಸಿದ. “ಇದೇನ್ರೀ ಇದು?”

ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದ.

“ಕಾವ್ಯಾ, ನಾವು ಲೈಕು, ಕಾಮೆಂಟು, ಎಂಗೇಜ್‌ಮೆಂಟು ಅಂತ ಒದ್ದಾಡ್ತೀವಲ್ಲ, ಅದನ್ನ ನಿಮ್ಮಜ್ಜಿ ಮೊದಲಿಂದ್ಲೂ ಮಾಡ್ತಾ ಅವ್ರೆ.”

ಹಾಗೆ ಶುರುವಾದವು ನಮ್ಮ ರೀಲ್ಸ್. ಕಂಬಳಿಯ ಒಂದು ಎಳೆಯೂ ಕಾಣದ ರೀಲ್ಸ್. ಕುರಿಯ ಬೆನ್ನಿನ ಮೇಲೆ ಬೆಳಗಿನ ಬಿಸಿಲು. ಉಣ್ಣೆ ನೂಲುವ ಹೊನ್ನೂರಮ್ಮ ಎಳೆಗಳಿಗೆ ಹಚ್ಚಲು ಹುಣಸೆಬೀಜದ ಗಂಜಿ ಕಾಯಿಸುವಾಗಿನ ಗುಳುಗುಳು ಸದ್ದು. ಮಗ್ಗದ ಹೊಡೆತ, ಅದರ ತಾಳಕ್ಕೆ ತಕ್ಕಂತೆ ಅಜ್ಜಿಯ ದನಿ: ‘ಒಬ್ಬಳು ರಾಜಕುಮಾರಿ ಇದ್ಲು. ಅವಳಪ್ಪ ಅರಮನೆ ತುಂಬಾ ರತ್ನಗಂಬಳಿ ಹಾಸ್ಯಾನೆ. ಅವಳಿಗೆ ನಿದ್ದೆ ಮಾತ್ರ ಕುರುಬರ ಹಟ್ಟಿಯಾಗೇ ಬರ್ತೈತೆ. ಯಾಕೆ ಅಂದ್ರೆ...’ ಅಷ್ಟಕ್ಕೆ ಅಜ್ಜಿ ನಿಲ್ಲಿಸುತ್ತಿದ್ದಳು. ಪರದೆಯ ಮೇಲೆ ಒಂದೇ ಸಾಲು: ಹ್ಞೂಂ ಅನ್ನಿ, ಮುಂದೆ ಹೇಳ್ತೀನಿ.

ಜನ ಅಂದರು. ಕೆಳಗೆ ಉದ್ದಕ್ಕೆ ಹ್ಞೂಂ, ಹ್ಞೂಂ, ಅಜ್ಜಿ ಹ್ಞೂಂ. ಪುಣೆಯಿಂದ ಯಾರೋ ಬರೆದರು: ‘ನಮ್ಮ ಹೊಸ ಮನೆಗೆ ಗದ್ದಿಗೆ ಕಂಬಳಿ ಬೇಕು. ಎಲ್ಲಿ ಹುಡುಕಿದರೂ ಮಷೀನಿನದೇ ಸಿಗುತ್ತೆ.’ ಸಿದ್ದಲಿಂಗೇಶ್ ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. ಗೃಹಪ್ರವೇಶಕ್ಕೆ ಕಂಬಳಿ, ಮದುವೆಗೆ ಗದ್ದಿಗೆ ಕಂಬಳಿ ಎಂದು ಜನ ಗೂಗಲ್‌ನಲ್ಲಿ ಕನ್ನಡದಲ್ಲೇ ಹುಡುಕುತ್ತಿದ್ದರು. ಉತ್ತರ ಕೊಡುವವರೇ ಇರಲಿಲ್ಲ. ನಮ್ಮ ವೆಬ್‌ಸೈಟಿನಲ್ಲಿ ಆ ಮಾತುಗಳನ್ನೇ ಬರೆದೆವು. ಯಾರಾದರೂ ಕೇಳಿದರೆ ವಾಟ್ಸಾಪ್‌ನಲ್ಲಿ ನಾನೇ ಉತ್ತರ ಕೊಡುತ್ತಿದ್ದೆ. ಕಂಬಳಿ ತಲುಪಿದವರ ಹತ್ತಿರ ಒಂದೇ ಬೇಡಿಕೆ, ನಿಮ್ಮ ಗದ್ದಿಗೆಯ ಕಥೆ ನಾಲ್ಕು ಸಾಲು ಬರೆದು ಹಾಕಿ.

ಆರ್ಡರ್ ಬಂದವು, ಸೋನೆ ಮಳೆಯ ಹಾಗೆ, ನಿಧಾನವಾಗಿ. ಆದರೆ ಮಗ್ಗಗಳೆಲ್ಲ ನಡೆಯುವಷ್ಟಲ್ಲ. ವೆಬ್‌ಸೈಟಿನ ಮೊದಲ ಪುಟದಲ್ಲಿ, ಫೋಟೋ ಇರಬೇಕಾದ ಕಡೆ, ಖಾಲಿ ಬಿಳಿ ಚೌಕ. ಎಷ್ಟೋ ಜನ ಅಲ್ಲಿಯವರೆಗೆ ಬಂದು ವಾಪಸ್ ಹೋಗುತ್ತಿದ್ದರು. ನೋಡದೆ ಕೊಳ್ಳುವವರು ಎಷ್ಟು ಮಂದಿ?

*

ಶ್ರಾವಣದಲ್ಲಿ ಮೊದಲ ಅವಕಾಶ ಸಿಕ್ಕಿತು. ನ್ಯಾಮತಿ ಹತ್ತಿರದ ಗೋವಿನಕೋವಿಯಲ್ಲಿ ಮದುವೆ, ಗದ್ದಿಗೆಗೆ ನಮ್ಮದೇ ಕಂಬಳಿ. ಇಬ್ಬರೂ ಹೋದೆವು. ಸಿದ್ದಲಿಂಗೇಶ್ ನೆಲಕ್ಕೆ ಮಲಗಿ, ಕಂಬಕ್ಕೆ ಒರಗಿ, ಅಡುಗೆಯವರ ಬೈಗುಳ ತಿಂದು ಫೋಟೋ ತೆಗೆದ.

ಅಜ್ಜಿ ನೋಡಿ, “ಹುಡುಗಿ ಸೀರೆ ಚೆಂದ ಐತೆ,” ಅಂದಳು. “ಕಂಬಳಿ ಎಲ್ಲೈತೆ?”

ಸೀರೆಯ ನೆರಿಗೆಗಳು ಗದ್ದಿಗೆಯನ್ನು ಪೂರ್ತಿ ಮುಚ್ಚಿದ್ದವು.

ಎರಡನೆಯದು ಹೊನ್ನಾಳಿಯಲ್ಲಿ, ಗೃಹಪ್ರವೇಶ. ಗದ್ದಿಗೆ ಹಾಸಿದ್ದರು, ಅದರ ಮೇಲೆ ಅಕ್ಕಿಯಿಂದ ಹಸೆ ಬರೆದಿದ್ದರು, ದಂಪತಿ ಕೂರುವುದೊಂದು ಬಾಕಿ. ಅಷ್ಟರಲ್ಲಿ ಮನೆಯೊಳಗೆ ಕರೆತಂದ ಹಸು ಹಸೆಯ ಅಕ್ಕಿಯನ್ನು ಮೂಸಿ, ನಾಲಿಗೆ ಚಾಚಿ ಅರ್ಧ ಚಿತ್ತಾರ ನೆಕ್ಕಿಬಿಟ್ಟಿತು. ಹಿರಿಯರು ಶುಭ ಅಂದರು. ಸಿದ್ದಲಿಂಗೇಶ್ ತಲೆ ಮೇಲೆ ಕೈ ಹೊತ್ತು ಕೂತ. ನಾನು ನಗು ತಡೆಯಲಾರದೆ ಹಿತ್ತಿಲಿಗೆ ಓಡಿದೆ. ಹಿಂದೆಯೇ ಬಂದ.

“ನಗ್ರೀ, ನಗ್ರಿ. ಆ ಹಸೂಗೆ ನೀವೇ ಹೇಳಿಕೊಟ್ಟಿರಬೇಕು.”

“ನಾನ್ಯಾಕೆ ಹೇಳಿಕೊಡ್ಲಿ?”

“ಫೋಟೋ ಸಿಕ್ರೆ ನಾನು ಬಿಳಿಚೋಡಿಗೆ ಬರೋದು ನಿಂತೋಗ್ತೈತಲ್ಲ.”

ಹಾಗೆಂದು ಅವನು ತನ್ನ ಮಾತಿಗೆ ತಾನೇ ಕೆಂಪಾದ. ನನ್ನ ನಗು ಎಲ್ಲಿ ಹೋಯಿತೋ. ಸೆರಗಿಗೆ ಹತ್ತಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಆರಿಸುತ್ತ ನಿಂತೆ, ಅವೆಲ್ಲ ಮುತ್ತುಗಳೇನೋ ಎಂಬಂತೆ.

*

ದೀಪಾವಳಿ ಹತ್ತಿರವಾಯಿತು. ಕೊರಿಯರ್ ಮಾತನಾಡಲೆಂದು ನಾನು ಚನ್ನಗಿರಿಗೆ ಹೋದೆ. ಅವನ ಆಫೀಸೆಂದರೆ ಅವರಪ್ಪ ಮಲ್ಲಿಕಾರ್ಜುನಪ್ಪನವರ ಅಡಿಕೆ ಮಂಡಿಯ ಮೇಲಿನ ಒಂದು ರೂಮು. ಕೆಳಗೆ ಅವರು ಅಡಿಕೆಯನ್ನು ಬೆರಳುಗಳ ನಡುವೆ ಉರುಳಿಸುತ್ತ ಕೂತಿದ್ದರು.

“ಅಡಿಕೆ ಮುಟ್ಟಿ ನೋಡಿ ತಗೋತಾರಮ್ಮ. ನೀವು ನೋಡಾಕೂ ಕೊಡದೆ ಮಾರ್ತೀರಂತಲ್ಲ. ಹೆಂಗೆ?”

“ಕಥೆ ಹೇಳಿ ಸಾರ್.”

ಅವರು ನಗಲಿಲ್ಲ. ಆದರೆ ನಾನು ಮೆಟ್ಟಿಲು ಹತ್ತುವಾಗ, “ಪ್ರಮೀಳಾ, ಆ ಹುಡುಗಿಗೆ ಕಾಫಿ ಕೊಡೇ,” ಎಂದು ಅವರು ಹೆಂಡತಿಗೆ ಕೂಗಿ ಹೇಳಿದ್ದು ಕೇಳಿಸಿತು.

ವಾಪಸಾಗುವಾಗ ಅವನೇ ಬೈಕಿನಲ್ಲಿ ಬಸ್ಸಿಗೆ ಬಿಡಲು ಹೊರಟ. ಸೂಳೆಕೆರೆಯ ಏರಿಯ ಮೇಲೆ ನಿಲ್ಲಿಸಿದ. ಆಚೆ ದಡ ಕಾಣದಷ್ಟು ನೀರು. ದೂರದಲ್ಲಿ ಒಂದು ತೆಪ್ಪ, ಬಲೆ ಎಳೆಯುವವನ ಬಾಗಿದ ಬೆನ್ನು.

“ಒಂದು ಕಥೆ ಹೇಳ್ಲಾ?” ಎಂದ. “ಹ್ಞೂಂ ಅನ್ನಬೇಕು ಮತ್ತೆ.”

“ಹ್ಞೂಂ.”

“ಒಬ್ಬ ವ್ಯಾಪಾರಿ ಮಗ ಇದ್ದ. ಅವನಿಗೆ ಒಬ್ಬ ಅಜ್ಜಿ ಒಂದು ಕೆಲಸ ಹಚ್ಚಿದ್ಲು.”

“ಹ್ಞೂಂ.”

“ಅವನು ಆ ಕೆಲಸ ಮಾಡಿಬಿಟ್ಟ. ಆದ್ರೆ ಹೇಳಲಿಲ್ಲ.”

ನಾನು ಹ್ಞೂಂ ಅನ್ನಲಿಲ್ಲ.

ಅವನು ಫೋನ್ ತೆಗೆದು ತೋರಿಸಿದ. ಹೊನ್ನಾಳಿಯ ಮನೆ. ಹಸು ಹೋದಮೇಲೆ ಹಸೆಯನ್ನು ಮತ್ತೆ ಬರೆದಿದ್ದರು, ದಂಪತಿ ಕೂತಿದ್ದರು. ಕಂಬಳಿಯ ಕಪ್ಪು, ಅಕ್ಕಿಯ ಬಿಳುಪು, ಎಲ್ಲವೂ ಎದ್ದು ಕಾಣುತ್ತಿತ್ತು. ನಾನು ಹಿತ್ತಿಲಲ್ಲಿ ಅಕ್ಕಿಕಾಳು ಆರಿಸುತ್ತಿದ್ದಾಗ ಅವನು ಒಳಗೆ ಹೋಗಿ ತೆಗೆದದ್ದು. ಆವತ್ತು ಫೋಟೋ ಆಗಲೇ ಇಲ್ಲ ಎಂದುಕೊಂಡಿದ್ದೆ ನಾನು.

“ಇದನ್ನ ಕೊಟ್ರೆ ಕೆಲಸ ಮುಗೀತು. ಆಮೇಲೆ ಯಾವ ನೆಪ ಹೇಳಿ ಬರ್ಲಿ ನಿಮ್ಮೂರಿಗೆ? ನಿಮ್ಮನ್ನ ನೋಡದೆ ಇರಾಕೆ ಆಗಲ್ಲ ಕಾವ್ಯಾ. ಅಷ್ಟೇ ಕಥೆ.”

ಈ ಮಾತಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆ! ಅಜ್ಜಿಯ ರಾಜಕುಮಾರಿಯರೆಲ್ಲ ನನ್ನೊಳಗೆ ಒಟ್ಟಿಗೆ ಎದ್ದು ನಿಂತರು. ಆದರೆ ಅವರ ಹಿಂದೆ ದುರುಗಣ್ಣನೂ ನಿಂತಿದ್ದ, ಮಗ್ಗ ನಿಲ್ಲಿಸಿ, ಕೈ ಕಟ್ಟಿಕೊಂಡು.

“ದುರುಗಣ್ಣ ಹೋದ ವಾರ ದಲ್ಲಾಳಿ ಹತ್ರ ಮಾತಾಡಾಕೆ ಹೋಗಿದ್ದ,” ಎಂದೆ. “ಹೊನ್ನೂರಮ್ಮ ನೂಲೋದು ಬಿಟ್ಟು ಕೂಲಿಗೆ ಹೋಗ್ತಾಳೆ. ನೀವು ಫೋಟೋನ ಜೇಬಿನಾಗೆ ಇಟ್ಕೊಂಡು ನನ್ನ ನೋಡಾಕೆ ಬರ್ತಿದ್ರಾ? ಬರಾಕೆ ನೆಪ ಬೇಕಿತ್ತಾ ನಿಮಗೆ? ಒಂದ್ಸಲ ಕೇಳಿದ್ರೆ ಆಗ್ತಿರಲಿಲ್ವಾ?”

ಅವನ ಹುಬ್ಬು ಏಳಲಿಲ್ಲ. “ಇಷ್ಟು ದೂರ ಹೋಗೈತೆ ಅಂತ ಗೊತ್ತಿರಲಿಲ್ಲ,” ಎಂದ ಮೆಲ್ಲಗೆ. “ತಪ್ಪಾತು.”

ಏರಿಯ ಮೇಲೆಯೇ ಬಸ್ಸು ಬಂತು. ನಾನು ಹತ್ತಿದೆ. ಕಥೆ ಅಲ್ಲೇ ನಿಂತಿತು, ಹ್ಞೂಂ ಇಲ್ಲದೆ.

*

ದೀಪಾವಳಿಗೆ ಮುಂಚೆ ಒಂದು ಬೆಳಗ್ಗೆ ಅಂಗಳದಲ್ಲಿ ಬೈಕಿನ ಸದ್ದಲ್ಲ, ಕಾರಿನ ಸದ್ದು. ಅಜ್ಜಿ ಆ ದಿನವೇ ನೇಕಾರರನ್ನೆಲ್ಲ ಕರೆದಿದ್ದಳು, ಕಂಬಳಿ ಇನ್ನು ನನಗೋ ದಲ್ಲಾಳಿಗೋ ಎಂದು ತೀರ್ಮಾನಿಸಲು. ಅಪ್ಪನೂ ಕುರಿ ಬಿಟ್ಟು ಬಂದು ಅವ್ವನ ಪಕ್ಕ ಕೂತಿದ್ದ.

ಕಾರಿನಿಂದ ಸಿದ್ದಲಿಂಗೇಶ್ ಇಳಿದ. ಹಿಂದೆ ಅವನ ಅಪ್ಪ, ಅವ್ವ. ಮೂವರ ಚಪ್ಪಲಿಯೂ ಬೇವಿನ ಮರದ ಕೆಳಗೇ ಉಳಿದವು.

ಅವನು ನನ್ನ ಕಡೆ ನೋಡದೆ ನೇರ ಅಜ್ಜಿಯ ಮುಂದೆ ನಿಂತ. ಫೋನ್ ಕೊಟ್ಟ. “ಹೊನ್ನಾಳೀಲೇ ತೆಗೆದಿದ್ದೆ ಅಜ್ಜಿ. ಬಚ್ಚಿಟ್ಟಿದ್ದೆ. ನಿಮ್ಮೂರಿಗೆ ಬರೋ ಆಸೆಗೆ. ಮಗ್ಗ ನಿಂತದ್ದು ನನ್ನಿಂದ.”

ಅಜ್ಜಿ ಫೋಟೋ ನೋಡಿದಳು, ಅವನನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ತಲೆ ತಗ್ಗಿಸಿದೆ.

“ಫೋಟೋ ಸರಿ ಐತೆ,” ಅಂದಳು ಅಜ್ಜಿ. “ಇದ್ರಾಗೆ ಕೂತೋರು ಯಾರು?”

“ಹೊನ್ನಾಳಿಯೋರು.”

“ಅವ್ರ ಗದ್ದಿಗೆ ಅವ್ರಿಗಿರ್ಲಿ. ನಮ್ಮ ಅಂಗಡಿ ಬಾಗಿಲಾಗೆ ನಮ್ಮನೆಯೋರು ಕೂರಬೇಕು.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅಪ್ಪ, ಅವ್ವನ್ನ ಯಾಕೆ ಕರ್ಕಂಡು ಬಂದೀಯಪ್ಪ? ಫೋಟೋ ಕೊಡಾಕೆ ಮೂರು ಜನ ಬೇಕಿತ್ತೇನು?”

ಅವನು ತನ್ನ ಅವ್ವನ ಕಡೆ ತಿರುಗಿದ. ಪ್ರಮೀಳಮ್ಮ ಮುಂದೆ ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಹಳೆಯ ಕರಿಕಂಬಳಿ, ನುಸಿಗುಳಿಗೆಯ ವಾಸನೆ.

“ನನ್ನ ಲಗ್ನಕ್ಕೆ ಹಾಸಿದ್ದು ಅಮ್ಮಾ. ಇದ್ರ ಜೊತೆಗೆ ಹಾಸಾಕೆ ಒಂದು ಹೊಸಾದು ಕೇಳಾಕೆ ಬಂದೀವಿ. ಕಂಬಳೀನೂ, ಹುಡುಗೀನೂ.”

ಅಜ್ಜಿ ಅಂಚನ್ನು ಬೆರಳಲ್ಲಿ ತಿಕ್ಕಿದಳು. “ಕೈಮಗ್ಗದ್ದೇ. ಗಟ್ಟಿ ನೇಯ್ದಾರೆ.”

ಮಲ್ಲಿಕಾರ್ಜುನಪ್ಪ ಗಂಟಲು ಸರಿಮಾಡಿಕೊಂಡರು. “ನಮ್ಮ ಜನ ನಾಕು ಮಾತು ಆಡ್ತಾರೆ ಅಜ್ಜಿ. ಆಡ್ಲಿ.”

“ನಮ್ಮೋರು ಎಂಟು ಆಡ್ತಾರೆ,” ಅಂದಳು ಅಜ್ಜಿ. “ಆಮೇಲೆ ಊಟಕ್ಕೆ ಬರ್ತಾರೆ.”

ಮೊದಲು ನಕ್ಕವನು ನನ್ನ ಅಪ್ಪ. ಅವನಿಗೆ ನಗು ಬಂತೆಂದರೆ ಒಪ್ಪಿಗೆ ಬಂದಂತೆ. ದುರುಗಣ್ಣ ತನ್ನ ಮನೆಗೆ ಓಡಿದ. ಮರಳಿ ಬಂದಾಗ ಅವನ ಹೆಗಲ ಮೇಲೆ ಹೊಸ ಕಂಬಳಿ, ದಲ್ಲಾಳಿಗೆಂದು ಮಡಿಸಿಟ್ಟಿದ್ದು. ಹಳೆಯದರ ಮೇಲೆ ಹೊಸದನ್ನು ಅಜ್ಜಿ ತಾನೇ ಹಾಸಿದಳು, ಸುಕ್ಕು ತೀಡಿದಳು. ಹೊನ್ನೂರಮ್ಮ ಅಕ್ಕಿ ತಂದು ಹಸೆ ಬರೆದಳು. ಮಲ್ಲಿಕಾರ್ಜುನಪ್ಪ ಜೇಬಿನಿಂದ ಅಡಿಕೆ ತೆಗೆದು, ಒಂದೊಂದನ್ನೂ ಬೆರಳಲ್ಲಿ ಉರುಳಿಸಿ ನೋಡಿ, ಎಲೆಗಳ ಮೇಲೆ ಇಟ್ಟರು.

“ಕೂರ್ರಿ ಇಬ್ರೂ,” ಅಂದಳು ಅಜ್ಜಿ.

ಕೂತೆವು. ಉಣ್ಣೆ ಅಂಗೈಗೆ ಚುಚ್ಚುತ್ತಿತ್ತು. ಅವನ ಕೈ ನನ್ನ ಕೈಯಿಂದ ಒಂದು ಅಡಿಕೆಯಷ್ಟು ದೂರ.

“ಆವತ್ತಿನ ಕಥೆ ನಿಂತುಹೋಗಿತ್ತು,” ಅವನು ನನಗಷ್ಟೇ ಕೇಳುವ ಹಾಗೆ ಹೇಳಿದ. “ಇನ್ಮೇಲೆ ಏನೂ ಬಚ್ಚಿಡಲ್ಲ. ನೆಪ ಇಲ್ಲದೇನೇ ಬರ್ತೀನಿ. ಮುಂದೆ ಹೇಳ್ಲಾ?”

ನಾನು ಅವನ ಕಣ್ಣು ನೋಡಿದೆ. ಹುಬ್ಬು ಇನ್ನೂ ಏಳಲು ಹೆದರಿಕೊಂಡಿತ್ತು.

“ಹ್ಞೂಂ.”

ಎದ್ದಿತು ನೋಡಿ ಆ ಹುಬ್ಬು!

“ಫೋಟೋ ತೆಗೆಯೋನೇ ಅಲ್ಲಿ ಕೂತ್ರೆ ತೆಗೆಯೋರ್ಯಾರು?” ಎಂದ ದುರುಗಣ್ಣ.

ಅಜ್ಜಿ ಸಿದ್ದಲಿಂಗೇಶನ ಕೈಯಿಂದ ಫೋನನ್ನು ಕಿತ್ತುಕೊಂಡಳು. ಬಿರುಕು ಬಿಟ್ಟ ಗಾಜಿನೊಳಗೆ ಒಂದು ಕಣ್ಣು ಮುಚ್ಚಿ ನೋಡಿದಳು. “ಎಲ್ಲಿ ಒತ್ತಬೇಕು?”

“ಆ ದುಂಡಗೆ ಐತಲ್ಲ, ಅಲ್ಲಿ ಅಜ್ಜಿ.”

ಒತ್ತಿದಳು.

ಫೋಟೋ ಸ್ವಲ್ಪ ವಾಲಿದೆ. ಮೂಲೆಯಲ್ಲಿ ಅಜ್ಜಿಯ ಹೆಬ್ಬೆರಳಿದೆ. ಸಿದ್ದಲಿಂಗೇಶ್ ಕಣ್ಣು ಮುಚ್ಚಿದ್ದಾನೆ, ನಾನು ಬೇರೆಲ್ಲೋ ನೋಡುತ್ತಿದ್ದೇನೆ, ಅಂದರೆ ಅವನನ್ನು. ಕಂಬಳಿ ಮಾತ್ರ ಅಂಚಿನಿಂದ ಅಂಚಿಗೆ ಪೂರ್ತಿ ಕಾಣುತ್ತದೆ. ಅಜ್ಜಿ ಒಪ್ಪಿಗೆ ಎಂದು ತಲೆಯಾಡಿಸಿದಳು. ಅವನು ಗದ್ದಿಗೆಯಿಂದ ಏಳದೆ, ಏನನ್ನೂ ತಿದ್ದದೆ, ಆ ಫೋಟೋವನ್ನು ನಮ್ಮ ವೆಬ್‌ಸೈಟಿನ ಖಾಲಿ ಚೌಕದಲ್ಲಿ ಇಟ್ಟ.